ಸೊಪ್ಪಿನ ಬಾಕಿಯೂ ಮೂರು ವರ್ಷದ ಲೆಕ್ಕವೂ



ನಮ್ಮ ಸಾದಲಿ ಹೋಬಳಿಯ ಕಡೆ ಹಣ ಬಾಕಿ ನಿಲ್ಲುವುದು ಹೇಗೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿರುತ್ತದೆ. ಆ ಕೊನೆಯ ವಾರದಲ್ಲಿ ಅದು ತಿನ್ನುವ ಸೊಪ್ಪು ಅಲ್ಲಿಯವರೆಗೆ ತಿಂದದ್ದರ ನಾಲ್ಕೈದು ಪಟ್ಟು. ಬೋರ್‌ವೆಲ್ ಕೈಕೊಟ್ಟು ಸ್ವಂತ ತೋಟದ ಸೊಪ್ಪು ಸಾಲದೆ ಹೋದ ಮನೆಯವರು ಸಂಜೆಗೆ ಪಕ್ಕದ ತೋಟದವರ ಬಾಗಿಲಿಗೆ ಬರುತ್ತಾರೆ. "ಅಣ್ಣ, ನಿನ್ನ ಒಂದೆಕರೆ ಸೊಪ್ಪು ಕೊಟ್ಟುಬಿಡು. ಗೂಡು ಮಾರಿದ ದಿನವೇ ದುಡ್ಡು ತಂದು ಕೈಗೆ ಕೊಡ್ತೀನಿ." ಹಸಿದ ಹುಳುವನ್ನು ಕಂಡು ಇಲ್ಲ ಎನ್ನುವ ರೈತ ನಮ್ಮಲ್ಲಿ ಕಡಮೆ. ಸೊಪ್ಪು ಹೋಗುತ್ತದೆ, ಹುಳು ಹಣ್ಣಾಗುತ್ತದೆ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೂ ಹೋಗುತ್ತದೆ. ಆಮೇಲೆ ದರ ಬಿದ್ದಿತ್ತು ಎಂಬ ಮಾತು ಬರುತ್ತದೆ. ಮುಂದಿನ ಬೆಳೆಗೆ ಕೊಡ್ತೀನಿ ಎಂಬ ಮಾತು ಬರುತ್ತದೆ. ಮಗಳ ಮದುವೆ, ಹಬ್ಬ, ಹೊಸ ಬೋರು. ಕೇಳುವವನಿಗೇ ನಾಚಿಕೆ, ದಿನಾ ಮುಖ ನೋಡುವ ಜನ ನೋಡಿ!

ಹೀಗೆ ನಾಚಿಕೆಯಲ್ಲಿ ಕಳೆದ ದಿನಗಳನ್ನು ಯಾರೂ ಎಣಿಸುವುದಿಲ್ಲ. ಕಾನೂನು ಮಾತ್ರ ಎಣಿಸುತ್ತಿರುತ್ತದೆ. ಕೊಟ್ಟ ಹಣ ಕೋರ್ಟಿನ ಕಟ್ಟೆ ಹತ್ತಿ ಸೋಲುವುದಕ್ಕಿಂತ, ಕಟ್ಟೆ ಹತ್ತುವ ಮುಂಚೆಯೇ ಮನೆಯಲ್ಲಿ ಕೂತು ಸೋಲುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದುದರಿಂದ ಈ ದಿನ ದಾವೆಯ ವಿಚಾರಕ್ಕಿಂತ ಮೊದಲು ದಿನದ ವಿಚಾರ ಹೇಳುತ್ತೇನೆ.

1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ಹಣ ವಸೂಲಿಗೆ ದಾವೆ ಹೂಡಲು ಇರುವ ಅವಧಿ ಮೂರು ವರ್ಷ. ಎಂದಿನಿಂದ ಮೂರು ವರ್ಷ? ಅಲ್ಲೇ ಇದೆ ತೊಡಕು. ಕೈಸಾಲ ಕೊಟ್ಟಿದ್ದರೆ ಕೊಟ್ಟ ದಿನದಿಂದ. ಕೇಳಿದಾಗ ಕೊಡುತ್ತೇನೆಂದು ಬರೆದ ಪ್ರೋನೋಟು ಇದ್ದರೆ ನೋಟಿನ ತಾರೀಖಿನಿಂದ. ನೀವು ಕೇಳಿದ ದಿನದಿಂದ ಅಲ್ಲ. ಈ ಕಡೆಯದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಕೆಲಸ ಮಾಡಿಕೊಟ್ಟ ಕೂಲಿಯಾದರೆ ಕೆಲಸ ಮುಗಿದ ದಿನದಿಂದ. ಸರಕು ಉದ್ದರಿ ಕೊಟ್ಟು ಇಂಥ ದಿನ ಹಣ ಎಂದು ಗೊತ್ತು ಮಾಡಿದ್ದರೆ ಆ ಗಡುವು ಮುಗಿದ ದಿನದಿಂದ. ಗಡುವೇ ಇಲ್ಲದಿದ್ದರೆ ಸರಕು ಕೊಟ್ಟ ದಿನದಿಂದ. ಗಿಡದ ಮೇಲೆ ನಿಂತ ಬೆಳೆಯನ್ನು ಗಡುವಿಲ್ಲದೆ ಮಾರಿದ್ದರೆ ಮಾರಿದ ದಿನದಿಂದ ಎಂದು ಕಾಯ್ದೆ ಬೇರೆಯಾಗಿಯೇ ಹೇಳಿದೆ. ನಮ್ಮ ತೋಟದ ಸೊಪ್ಪು ಅಂಥದ್ದೇ ಅಲ್ಲವೇ? "ಗೂಡು ಮಾರಿದ ದಿನ" ಎಂಬುದು ಗಡುವೋ ಅಲ್ಲವೋ ಎಂದು ವಕೀಲರು ವಾದ ಮಾಡಬಹುದು. ನಮಗೆ ಆ ವಾದ ಬೇಡ. ಸೊಪ್ಪು ಕೊಯ್ಯಲು ಬಿಟ್ಟ ದಿನದಿಂದಲೇ ಎಣಿಸಿಕೊಂಡರೆ ಎಂದೂ ಮೋಸವಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 2024ನೇ ಇಸವಿ ಜೂನ್ 10ರಂದು ಒಬ್ಬರು 18,000 ರೂಪಾಯಿಗೆ ಸೊಪ್ಪು ಕೊಟ್ಟರು ಎಂದುಕೊಳ್ಳಿ. 2027ರ ಜೂನ್ 10 ದಾವೆಗೆ ಕಡೆಯ ದಿನ. ಜೂನ್ 11ಕ್ಕೆ ಹೋದರೆ, ಎದುರಾಳಿ ಬಾಯಿಬಿಡದೆ ನಿಂತಿದ್ದರೂ, ಅವಧಿ ಮೀರಿದೆಯೆಂದು ನ್ಯಾಯಾಧೀಶರೇ ದಾವೆಯನ್ನು ವಜಾ ಮಾಡಬೇಕಾಗುತ್ತದೆ. ಕಡೆಯ ದಿನ ಕೋರ್ಟಿಗೆ ರಜೆಯಿದ್ದರೆ ಮತ್ತೆ ಬಾಗಿಲು ತೆರೆದ ದಿನ ಹೂಡಬಹುದು. ಬೇಸಗೆ ರಜೆಯಲ್ಲಿ ಕಾಲ ಮುಗಿಯುವವರು ಇದನ್ನು ನೆನಪಿಡಿ. ಅಷ್ಟರ ಮಟ್ಟಿಗೆ ಕಾಯ್ದೆ ಮನುಷ್ಯರ ಕಷ್ಟ ಬಲ್ಲದು.

ಈಗ ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ. ಬಾಕಿದಾರ 2025ರ ಫೆಬ್ರವರಿ 4ರಂದು 5,000 ರೂಪಾಯಿ ತಂದು ಕೊಟ್ಟ. ಕೊಟ್ಟಾಗ, "ಸೊಪ್ಪಿನ ಬಾಕಿ 18,000ದಲ್ಲಿ 5,000 ಸಂದಾಯ ಮಾಡಿದ್ದೇನೆ" ಎಂದು ಬರೆದು ತಾರೀಖು ಹಾಕಿ ಅವನೇ ರುಜು ಮಾಡಿದ. ಆ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಯಿತು. 2028ರ ಫೆಬ್ರವರಿ 4ರವರೆಗೆ ನಿಮಗೆ ಕಾಲವಿದೆ. ಹಣ ಕೊಡದೆ ಬರೀ "ಇಷ್ಟು ಬಾಕಿ ಇರುವುದು ನಿಜ" ಎಂದು ಬರೆದು ರುಜು ಹಾಕಿಕೊಟ್ಟರೂ ಹಾಗೆಯೇ. ಆದರೆ ಎರಡು ಷರತ್ತು ಉಂಟು. ಬರವಣಿಗೆ ಹಳೆಯ ಮೂರು ವರ್ಷದ ಒಳಗೇ ಆಗಬೇಕು. ಕೊಡಬೇಕಾದವನ ಕೈಬರಹವೋ ರುಜುವೋ ಇರಬೇಕು. ನೀವು ನಿಮ್ಮ ಪುಸ್ತಕದಲ್ಲಿ "ಐದು ಸಾವಿರ ಬಂತು" ಎಂದು ಬರೆದುಕೊಂಡರೆ ಅದು ನಿಮ್ಮ ಜ್ಞಾಪಕಕ್ಕಾಯಿತೇ ಹೊರತು ಕಾಲ ಮುಂದೆ ಹೋಗುವುದಿಲ್ಲ. ಹಣ ತಂದವನ ಮುಂದೆ ಕಾಗದ ಹಿಡಿಯಲು ಸಂಕೋಚವಾದೀತು. ಮನೆಯ ಹೆಣ್ಣುಮಕ್ಕಳೇ ಈ ಕೆಲಸ ನಯವಾಗಿ ಮಾಡುತ್ತಾರೆ: "ಅಣ್ಣ, ಕಾಫಿ ಕುಡಿ, ಹಾಗೇ ಇದರಲ್ಲೊಂದು ಸೈನ್ ಹಾಕು, ನಾಳೆ ನಮ್ಮ ಮನೆಯವರು ಮರೆತರೆ ನಿನ್ನ ಐದು ಸಾವಿರ ನಿನಗೇ ನಷ್ಟ." ಆ ಮಾತು ನಿಜವೂ ಹೌದು. ಕಾಗದ ಕೊಟ್ಟವನಿಗೂ ರಕ್ಷೆ.

ಮೂರು ವರ್ಷ ಆಗಲೇ ಕಳೆದುಹೋಗಿದ್ದರೆ? ಪೂರ್ತಿ ಕೈಬಿಡಬೇಕಾಗಿಲ್ಲ. 1872ರ ಕರಾರು ಕಾಯ್ದೆಯಲ್ಲಿ ಒಂದು ಸಣ್ಣ ದಾರಿ ಇದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬಾಕಿದಾರ ಬರೆದು ರುಜು ಮಾಡಿಕೊಟ್ಟರೆ ಅದು ಹೊಸ ಕರಾರಾಗಿ ನಿಲ್ಲುತ್ತದೆ. "ಬಾಕಿ ಇದೆ" ಎಂದಷ್ಟೇ ಬರೆದರೆ ಈಗ ಸಾಲದು. "ಕೊಡುತ್ತೇನೆ" ಎಂಬ ಮಾತು ಬೇಕು. ಮನಸ್ಸಾಕ್ಷಿಯುಳ್ಳ ಬಾಕಿದಾರ ಬರೆದುಕೊಡುತ್ತಾನೆ. ಇಲ್ಲದವನ ಹತ್ತಿರ ಆ ದಾರಿಯೂ ಮುಚ್ಚಿದ ಹಾಗೆಯೇ.

ಊರ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಪಂಚಾಯಿತಿ ಮಾಡುವುದು ನಮ್ಮಲ್ಲಿ ಇನ್ನೂ ಇದೆ. ಅದನ್ನು ನಾನು ಹಳಿಯುವುದಿಲ್ಲ. ಎಷ್ಟೋ ಬಾಕಿ ಅಲ್ಲೇ ತೀರುತ್ತದೆ. ಆದರೆ ಅಲ್ಲಿ "ಯುಗಾದಿಗೆ ಅರ್ಧ, ದೀಪಾವಳಿಗೆ ಅರ್ಧ" ಎಂದು ಬಾಯಿಮಾತಿನಲ್ಲಿ ಒಪ್ಪಿ ಎದ್ದುಹೋಗುತ್ತಾರೆ. ಯುಗಾದಿ ಬರುತ್ತದೆ, ಹಣ ಬರುವುದಿಲ್ಲ, ನಡುವೆ ವರ್ಷವೊಂದು ಉರುಳಿರುತ್ತದೆ. ಹಿರಿಯರು ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆಸಿ, ಬಾಕಿದಾರನ ರುಜು ಹಾಕಿಸಿ, ಇಬ್ಬರು ಹಿರಿಯರು ಸಾಕ್ಷಿ ಹಾಕಿದರೆ ಪಂಚಾಯಿತಿಯ ಮಾತೇ ನಾಳೆ ಕೋರ್ಟಿನಲ್ಲಿ ದಾಖಲೆ. ಓದು ಬಾರದವರು ಹೆಬ್ಬೆಟ್ಟು ಒತ್ತಬಹುದು; ಬರೆದದ್ದನ್ನು ಓದಿ ಹೇಳಿದೆವೆಂದು ಬರೆದವರೂ ಸಾಕ್ಷಿಗಳೂ ಹೆಸರು ಹಾಕಲಿ.

ಪ್ರೋನೋಟಿನ ವಿಚಾರ ಎರಡು ಮಾತು. ಯಾರು, ಯಾರಿಗೆ, ಎಷ್ಟು ರೂಪಾಯಿ, ಅಂಕಿಯಲ್ಲೂ ಅಕ್ಷರದಲ್ಲೂ, ಯಾವ ತಾರೀಖು, ಬಡ್ಡಿ ಒಪ್ಪಿದ್ದರೆ ಎಷ್ಟು, ಇಷ್ಟು ಇರಲಿ. "ಬೆಳೆ ಬಂದರೆ ಕೊಡುತ್ತೇನೆ" ಎಂಬ ಷರತ್ತು ಸೇರಿಸಿದರೆ ಅದು ಪ್ರೋನೋಟು ಅನ್ನಿಸಿಕೊಳ್ಳುವುದಿಲ್ಲ. ರೆವಿನ್ಯೂ ಸ್ಟಾಂಪು ಹಚ್ಚಿ ಅದರ ಮೇಲೆ ಹಾಯುವಂತೆ ರುಜು ಮಾಡಬೇಕು. ಒಂದು ರೂಪಾಯಿಯ ಸ್ಟಾಂಪು ಹಚ್ಚುವುದು ರೂಢಿ. ಬೇರೆ ಕಾಗದಗಳಿಗೆ ಸ್ಟಾಂಪು ಕಡಮೆಯಾದರೆ ಆಮೇಲೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬಹುದು, ಪ್ರೋನೋಟಿಗೆ ಆ ಅವಕಾಶವಿಲ್ಲ. ಒಂದು ರೂಪಾಯಿಯ ಚೀಟಿ ಮರೆತು ಐವತ್ತು ಸಾವಿರದ ನೋಟು ಬರೀ ಕಾಗದವಾಗುವುದುಂಟು. ಬರೆಯದ ಖಾಲಿ ನೋಟಿಗೆ ರುಜು ಕೊಡಲೂ ಬೇಡಿ, ತೆಗೆದುಕೊಳ್ಳಲೂ ಬೇಡಿ. ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡವರಿಗೆ 1961ರ ಲೇವಾದೇವಿ ಕಾಯ್ದೆಯಂತೆ ಲೈಸೆನ್ಸು ಬೇಕು. ಅದು ನಮ್ಮ ಇಂದಿನ ಮಾತಲ್ಲ.

ಕಾಗದವೇ ಇಲ್ಲ ಎನ್ನುವವರು ಎದೆಗುಂದಬೇಡಿ. ಬಾಯಿಮಾತಿನ ವ್ಯಾಪಾರವೂ ಕಾನೂನಿನ ಕಣ್ಣಿನಲ್ಲಿ ವ್ಯಾಪಾರವೇ. ಸೊಪ್ಪು ಕೊಯ್ದ ಕೂಲಿಯವರು, ಹೊತ್ತ ಟೆಂಪೋದವನು, ಬೆಲೆ ಮಾತಾಡುವಾಗ ಕಟ್ಟೆಯ ಮೇಲೆ ಕೂತಿದ್ದವರು ಸಾಕ್ಷಿ ಹೇಳಬಹುದು. ಫೋನಿನಲ್ಲಿ "ಬರುವ ವಾರ ಹಾಕ್ತೀನಿ ಅಣ್ಣ" ಎಂದು ಬಂದ ಸಂದೇಶ, ಫೋನ್‌ಪೇಯಲ್ಲಿ ಬಂದ ಎರಡು ಸಾವಿರ, ಇವನ್ನು ಅಳಿಸಬೇಡಿ, ಫೋನನ್ನೂ ಮಾರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಇಂಥವನ್ನು ಕೋರ್ಟಿಗೆ ಹಾಜರು ಮಾಡುವಾಗ ಜೊತೆಗೆ ಒಂದು ಪ್ರಮಾಣಪತ್ರ ಕೊಡಬೇಕು, ವಕೀಲರು ಬರೆಸಿಕೊಡುತ್ತಾರೆ. ಹಾಗೆಂದು ಮೂರು ವರ್ಷ ಮುಂದೂಡಲು ಫೋನಿನ ಸಂದೇಶವನ್ನೇ ನೆಚ್ಚಿಕೊಂಡು ಕೂರಬೇಡಿ. ಕಾಗದ, ರುಜು, ತಾರೀಖು ಇದ್ದರೆ ವಾದಕ್ಕೆ ಎಡೆಯಿಲ್ಲ.

ಗೂಡಿನ ಹಣದ ಮಾತು ಬೇರೆ. ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಗೂಡಿಗೆ ತೂಕದ ಚೀಟಿ ಇರುತ್ತದೆ, ಲೆಕ್ಕ ಇರುತ್ತದೆ. ಮನೆಬಾಗಿಲಿಗೆ ಬಂದ ರೀಲರಿಗೆ ನಾಲ್ಕು ಕಾಸು ಹೆಚ್ಚಿನ ಆಸೆಗೆ ಉದ್ದರಿ ಕೊಟ್ಟರೆ ಚೀಟಿಯೂ ಇಲ್ಲ. ಜೊತೆಗೆ, ಗೂಡಿನ ವ್ಯಾಪಾರ ಮಾರುಕಟ್ಟೆಯಲ್ಲೇ ನಡೆಯಲೆಂದು 1959ರಿಂದ ಕಾಯ್ದೆ ಇರುವಾಗ, ಕೋರ್ಟಿನಲ್ಲಿ ಆ ಮಾತೂ ನಿಮಗೆ ಎದುರಾಗಿ ಬರಬಹುದು.

ಬಾಕಿಗೆ ಚೆಕ್ಕು ಕೊಟ್ಟಿದ್ದು ಅದು ಹಣವಿಲ್ಲದೆ ವಾಪಸು ಬಂದರೆ ಅಲ್ಲಿ ದಿನದ ಲೆಕ್ಕ ಇನ್ನೂ ಬಿಗಿ. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿರಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಬರವಣಿಗೆಯಲ್ಲಿ ನೋಟೀಸು ಕೊಡಬೇಕು. ನೋಟೀಸು ತಲಪಿದ ಮೇಲೆ ಅವನಿಗೆ 15 ದಿನ ಕಾಲ. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಫಿರ್ಯಾದಿ. ಇದು ಕ್ರಿಮಿನಲ್ ಬಗೆಯದು. ಎರಡು ವರ್ಷದವರೆಗೆ ಶಿಕ್ಷೆ, ಚೆಕ್ಕಿನ ಎರಡರಷ್ಟು ದಂಡ, ಅಥವಾ ಎರಡೂ ಆಗಬಹುದು. ಚೆಕ್ಕು ವಾಪಸಾದ ದಿನವೇ ವಕೀಲರನ್ನು ಕಾಣುವುದು ಮೇಲು. ಹಬ್ಬ ಕಳೆಯಲಿ ಎಂದರೆ ಕಳೆಯುವುದು 30 ದಿನ.

ಚೆಕ್ಕಿಲ್ಲದ ಸಾದಾ ಬಾಕಿಗೆ ಪೊಲೀಸ್ ಠಾಣೆಗೆ ಹೋಗಿ ಫಲವಿಲ್ಲ. ಸಾಲ ವಸೂಲಿ ಠಾಣೆಯ ಕೆಲಸವಲ್ಲ. ಮೊದಲು ಒಂದು ನೋಟೀಸು ಕಳುಹಿಸಿ. ಇಷ್ಟು ಹಣ, ಇಂಥ ದಿನ, ಇಂಥ ಕಾರಣಕ್ಕೆ, ಇಷ್ಟು ದಿನದೊಳಗೆ ಕೊಡು ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ. ವಕೀಲರ ಕೈಯಲ್ಲೇ ಬರೆಸಬೇಕೆಂಬ ನಿಯಮವಿಲ್ಲ, ಬರೆಸಿದರೆ ಗಟ್ಟಿ. ನೋಟೀಸು ಕಂಡೇ ಅರ್ಧ ಜನ ಮಾತುಕತೆಗೆ ಬರುತ್ತಾರೆ. ನೋಟೀಸು ಕೊಟ್ಟ ಮಾತ್ರಕ್ಕೆ ಮೂರು ವರ್ಷ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ಮರೆಯಬೇಡಿ.

ಅದಕ್ಕೂ ಬಗ್ಗದಿದ್ದರೆ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸು ಹತ್ತಿ. ಬಾಕಿದಾರ ಇರುವ ಊರು ಅಥವಾ ವ್ಯವಹಾರ ನಡೆದ ಊರು ಯಾವ ಕೋರ್ಟಿಗೆ ಸೇರುತ್ತದೋ ಅಲ್ಲಿ ದಾವೆ ಹೂಡಬಹುದು. ಸೊಪ್ಪು ಸಾದಲಿಯಲ್ಲಿ ಕೊಟ್ಟಿದ್ದರೆ, ಕೊಂಡವನು ಚಿಂತಾಮಣಿಯ ಕಡೆಯವನಾದರೂ, ನೀವು ಅಲ್ಲಿಗೆ ಅಲೆಯಬೇಕಾಗಿಲ್ಲ. ಕೋರ್ಟಿಗೆ ಹೋದವರು ಮೊದಲು ಕೇಳಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಎಂದು. 1987ರ ಕಾಯ್ದೆಯಂತೆ ಏರ್ಪಟ್ಟದ್ದು ಇದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಬರಗಾಲದಂಥ ವಿಪತ್ತಿಗೆ ಸಿಕ್ಕು ಕಷ್ಟಕ್ಕೊಳಗಾದವರಿಗೆ, ಗೊತ್ತಾದ ಮಿತಿಗಿಂತ ಕಡಮೆ ಆದಾಯದವರಿಗೆ ವಕೀಲರನ್ನು ಬಿಟ್ಟಿಯಾಗಿ ಕೊಡುತ್ತಾರೆ. 15100 ಎಂಬ ನಂಬರಿಗೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಗಂಡನಿಲ್ಲದ ತಾಯಂದಿರು ಸೊಪ್ಪು ಮಾರಿ, ಹಾಲು ಹಾಕಿ ಮನೆ ನಡೆಸುತ್ತಿರುವುದು ನಮ್ಮಲ್ಲಿ ಕಡಮೆಯಲ್ಲ. ಬಾಕಿ ಕೇಳಲು ಹೋದರೆ ಗದರಿಸಿ ಕಳುಹಿಸುವುದೂ ಅವರನ್ನೇ ಹೆಚ್ಚು. ಅವರು ಇದನ್ನು ವಿಶೇಷವಾಗಿ ತಿಳಿದಿರಬೇಕು.

ದಾವೆಗೆ ಮುಂಚೆಯೇ ಆ ಸಮಿತಿಗೆ ಅರ್ಜಿ ಕೊಟ್ಟರೆ ಲೋಕ ಅದಾಲತ್ತಿನಲ್ಲಿ ಇಬ್ಬರನ್ನೂ ಕೂರಿಸಿ ರಾಜಿಗೆ ನೋಡುತ್ತಾರೆ. ಶುಲ್ಕವಿಲ್ಲ. ರಾಜಿಯಾಗಿ ಬರೆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ದಾವೆ ಹೂಡಿದ ಮೇಲೆ ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕವೂ ವಾಪಸು. ಹದಿನೆಂಟು ಸಾವಿರದ ಬಾಕಿಗೆ ಎರಡು ಕಂತು, ಬಡ್ಡಿ ಬಿಟ್ಟು ಎಂದು ಅಲ್ಲಿ ಒಪ್ಪಿಕೊಂಡು ಬಂದವನನ್ನು ನಾನು ಸೋತವನೆನ್ನಲಾರೆ. ಆದರೆ ಅವಧಿ ಮುಗಿಯಲು ಒಂದೆರಡು ತಿಂಗಳಷ್ಟೇ ಉಳಿದಿದ್ದರೆ ಅದಾಲತ್ತಿಗೆ ಕಾಯದೆ ದಾವೆ ಹೂಡಿಬಿಡಿ. ರಾಜಿ ಆಮೇಲೂ ಆಗಬಹುದು.

ಇನ್ನು ದಾವೆ. ಸಣ್ಣ ಮೊತ್ತದ ಹಣದ ವ್ಯಾಜ್ಯ ಬೇಗ ತೀರಲೆಂದೇ 1964ರ ಲಘು ವ್ಯವಹಾರ ನ್ಯಾಯಾಲಯಗಳ ಕಾಯ್ದೆ ಬಂದದ್ದು. ಬೆಂಗಳೂರಿನಲ್ಲಿ ಅದಕ್ಕೆಂದೇ ಬೇರೆ ನ್ಯಾಯಾಲಯವಿದೆ. ಬೇರೆ ಕಡೆ ಸಿವಿಲ್ ನ್ಯಾಯಾಧೀಶರಿಗೇ ಆ ಅಧಿಕಾರ ಕೊಡುವುದುಂಟು. ಜನ ಇದನ್ನು ಸ್ಮಾಲ್ ಕಾಸ್ ಕೇಸು ಎನ್ನುತ್ತಾರೆ. ಸಾಕ್ಷಿಯನ್ನು ಉದ್ದಕ್ಕೆ ಬರೆಯುವುದಿಲ್ಲ, ಸಾರಾಂಶ ಬರೆದುಕೊಳ್ಳುತ್ತಾರೆ. ಮಾಮೂಲಿನ ಅಪೀಲು ಇಲ್ಲ. ನಿಮ್ಮ ಮೊತ್ತ ಇದಕ್ಕೆ ಸೇರುತ್ತದೋ ಮಾಮೂಲು ಸಿವಿಲ್ ದಾವೆಗೋ, ಕೋರ್ಟು ಶುಲ್ಕ ಎಷ್ಟೋ ಎಂಬುದನ್ನು ವಕೀಲರೋ ಸಮಿತಿಯವರೋ ಲೆಕ್ಕ ಹಾಕಿ ಹೇಳುತ್ತಾರೆ. ಗೆದ್ದರೆ ಆ ಶುಲ್ಕವನ್ನೂ ಖರ್ಚೆಂದು ಎದುರಾಳಿಯಿಂದ ಕೊಡಿಸಬಹುದು.

ದಾವೆಯ ಅರ್ಜಿಯಲ್ಲಿ ಕಥೆ ಬೇಡ. ಯಾವ ದಿನ, ಏನು ಕೊಟ್ಟಿರಿ, ಬೆಲೆ ಎಷ್ಟು, ಎಷ್ಟು ಬಂತು, ಎಷ್ಟು ನಿಂತಿದೆ, ಯಾವಾಗ ಕೇಳಿದಿರಿ, ಅವಧಿಯೊಳಗೆ ಹೇಗೆ ಬಂದಿದ್ದೀರಿ, ಇಷ್ಟೇ. ಅವನು ನಿಮ್ಮ ಎಮ್ಮೆ ಬಯ್ದದ್ದು, ಬದುವಿನ ಜಗಳ, ಇವೆಲ್ಲ ಸೇರಿಸಿದರೆ ಮುಖ್ಯದ ಮಾತು ಮುಳುಗುತ್ತದೆ. ಬಾಕಿದಾರನಿಗೆ ಸಮನ್ಸು ಹೋಗುತ್ತದೆ. ಮಾಮೂಲು ದಾವೆಯಲ್ಲಿ ಅವನು 30 ದಿನದೊಳಗೆ, ಕೋರ್ಟು ಕಾಲ ಕೊಟ್ಟರೆ 90 ದಿನದೊಳಗೆ ಉತ್ತರ ಹಾಕಬೇಕು. ಸಮನ್ಸು ಮುಟ್ಟಿಯೂ ಬಾರದಿದ್ದರೆ ಅವನಿಲ್ಲದೆಯೇ ವಿಚಾರಣೆ ನಡೆಯುತ್ತದೆ; ಆಗಲೂ ನೀವು ಸಾಕ್ಷಿ ಹೇಳಲೇಬೇಕು. ವಾಯಿದೆಗೆ ನೀವು ಹೋಗದಿದ್ದರೆ ನಿಮ್ಮ ದಾವೆಯೇ ವಜಾ ಆಗಬಹುದು. ಹುಳು ಹಣ್ಣಾಗುವ ದಿನವೇ ವಾಯಿದೆ ಬಿದ್ದೀತೆಂದು ಮುಂಚಿತವಾಗಿಯೇ ವಕೀಲರಿಗೆ ಹೇಳಿಡಿ.

ಬಾಕಿದಾರ ತೀರಿಕೊಂಡರೆ ಬಾಕಿಯೂ ತೀರಿತೇ? ಇಲ್ಲ. ಅವನು ಬಿಟ್ಟುಹೋದ ಆಸ್ತಿ ಯಾರ ಕೈಸೇರಿತೋ ಅವರು ಆ ಆಸ್ತಿಯ ಮಟ್ಟಿಗೆ ಹೊಣೆ. ಮಕ್ಕಳ ಸ್ವಂತ ದುಡಿಮೆಗೆ ಕೈಹಾಕುವಂತಿಲ್ಲ.

ಡಿಕ್ರಿ ಆಯಿತು ಎಂದರೆ ಹಣ ಬಂತು ಎಂದಲ್ಲ. ಕೊಡದವನ ಮೇಲೆ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಕಾಲ 12 ವರ್ಷ. ಅವನ ಬ್ಯಾಂಕಿನ ಖಾತೆ, ಬೈಕು, ಜಮೀನು ಇಂಥವನ್ನು ಗುರುತಿಸಿ ಕೊಡುವುದು ನಿಮ್ಮ ಕೆಲಸ. ದಾವೆಗೆ ಹೊರಡುವ ಮುಂಚೆಯೇ ಅವನಲ್ಲಿ ಏನಿದೆ ಎಂದು ನೋಡಿಕೊಂಡಿರಿ. ಏನೂ ಇಲ್ಲದವನ ಮೇಲೆ ಡಿಕ್ರಿ ಪಡೆದು ಗೋಡೆಗೆ ನೇತುಹಾಕಿ ಪ್ರಯೋಜನವೇನು? ಕೆಲವು ವಸ್ತುಗಳನ್ನು ಜಪ್ತಿ ಮಾಡುವಂತಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಬೇಸಾಯದ ಸಾಮಾನು, ಜೀವನಕ್ಕೆ ಬೇಕಾದ ದನಕರು, ಬಿತ್ತನೆ ಕಾಳು, ರೈತ ವಾಸವಿರುವ ಮನೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ನಾಳೆ ನಾವೇ ಬಾಕಿದಾರರಾದಾಗ ಈ ರಕ್ಷೆ ನಮಗೂ ಉಂಟು. ಒಂದೇ ಸಲ ಕೊಡಲಾರೆನೆಂದು ಬಾಕಿದಾರ ಕೇಳಿಕೊಂಡರೆ ಕೋರ್ಟು ಕಂತು ಮಾಡಿಕೊಡುವುದೂ ಇದೆ.

ಡಿಕ್ರಿಯಾದ ಮೇಲೆ ಬಾಕಿದಾರ ಕೋರ್ಟಿನ ಹೊರಗೆ ನಿಮ್ಮ ಕೈಗೇ ಹಣ ತಂದುಕೊಟ್ಟರೆ ರಸೀದಿ ಕೊಡಿ, ಸಂದಾಯವಾದದ್ದನ್ನು ಕೋರ್ಟಿಗೂ ತಿಳಿಸಿ. ಹಾಗೆ ದಾಖಲಾಗದ ಸಂದಾಯವನ್ನು ಅಮಲ್ಜಾರಿ ಮಾಡುವ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ತಿಳಿಸದಿದ್ದರೆ ಬಾಕಿದಾರ ತಾನೇ ಅರ್ಜಿ ಹಾಕಿ ದಾಖಲು ಮಾಡಿಸಬಹುದು. ಅದಕ್ಕೆ ಇರುವ ಕಾಲ ಸ್ವಲ್ಪವೇ, ಹಣ ಕೊಟ್ಟ ದಿನದಿಂದ 30 ದಿನ.